ಮೊಯೆಲಾಂಗಿಯ ರಜೆ

ನನ್ನ ನಾದಿನಿ ಮೊಯೆಲಾಂಗಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂಬುದನ್ನು ಮೊದಲು ಕಂಡುಹಿಡಿದವಳು ನಾನು. ಬೆಳಿಗ್ಗೆ ಕೋಕೋ ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಸುರಿದಳು. ಕೈ ನಡುಗಿತು ಅಂದಳು. ಮಾರನೆಯ ದಿನವೂ ಕೈ ನಡುಗಿತು. ಮೂರನೆಯ ದಿನ ನಾನು ಬೇಕೆಂದೇ ಲೋಟವನ್ನು ಒಂದು ಗೇಣು ಆಚೆ ಸರಿಸಿಟ್ಟೆ. ಅವಳು ಹಿಂದಿನ ಜಾಗಕ್ಕೇ ಬಗ್ಗಿಸಿದಳು. ಬಿಸಿ ಕೋಕೋ ಚಾಪೆಯ ಮೇಲೆ ಹರಿದುಹೋಯಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು, ಅಂದರೆ ನಾನು ನೋಡುತ್ತಿದ್ದೆ.

“ಅಣ್ಣನಿಗೆ ಹೇಳಬೇಡಿ ಅತ್ತಿಗೆ,” ಅಂದಳು.

ಅಣ್ಣ ಅಂದರೆ ನಮ್ಮ ಯಜಮಾನರು, ತೌಮಾಲೆ. ತೌಮಾಲೆ ಎನ್ನುವುದು ಅವರ ಮನೆತನದ ಪದವಿ. ವೈಸುಲು ಊರಿನ ಪರವಾಗಿ ಮಾತಾಡುವ ಹಕ್ಕು ಆ ಪದವಿಯದು. ಮದುವೆಯಿರಲಿ, ಸಾವಿರಲಿ, ಮಂತ್ರಿಯೇ ಬರಲಿ, ಕೋಲೂರಿ ನಿಂತು ಊರಿನ ಮಾತನ್ನು ಆಡುವವರು ಅವರೇ. ಮಾತಿನಲ್ಲಿ ಎತ್ತಿದ ಕೈ. ಮನೆಯಲ್ಲಿ ಮಾತ್ರ ಒಲೆಗೆ ಸೌದೆ ಬೇಕು ಅಂದರೂ ಕೇಳಿಸುವುದಿಲ್ಲ. ನಾನು ಇನ್ನೊಂದು ಊರಿನಿಂದ ಮದುವೆಯಾಗಿ ಬಂದವಳು, ಸೊಸೆ. ಮೂವತ್ತೆಂಟು ವರ್ಷವಾದರೂ ಈ ಮನೆಯಲ್ಲಿ ನನ್ನ ಮಾತಿಗೆ ಇರುವ ತೂಕ ಅಷ್ಟಕ್ಕಷ್ಟೇ. ತಂಗಿಯ ಮಾತು ಹಾಗಲ್ಲ. ಸಮೋವಾದಲ್ಲಿ ತಂಗಿ ಬಾಯಿಬಿಟ್ಟು ಕೇಳಿದ್ದನ್ನು ಅಣ್ಣ ಇಲ್ಲ ಅನ್ನುವಂತಿಲ್ಲ. ಹಾಗಾಗಿಯೇ ಅವಳು ಕೇಳುವುದು ಕಡಿಮೆ.

ಹೇಳಬೇಡಿ ಅಂದದ್ದು ಏಕೆಂದು ನನಗೆ ತಕ್ಷಣ ಅರ್ಥವಾಯಿತು. ಗೊತ್ತಾದರೆ ಅಣ್ಣ ಆ ದಿನವೇ ಅವಳನ್ನು ಶಾಲೆ ಬಿಡಿಸಿ ಹಡಗು ಹತ್ತಿಸಿ ರಾಜಧಾನಿಯ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ತಂಗಿಯ ಕಣ್ಣಿನ ಮುಂದೆ ಶಾಲೆ ಯಾವ ಲೆಕ್ಕ? ಅವಳು ಹೋದರೆ ಶಾಲೆ ಮುಚ್ಚಿದ ಹಾಗೆಯೇ.

ಶಾಲೆಗೆ ಮೂರು ಕೋಣೆ, ಎಂಟು ತರಗತಿ, ಎಪ್ಪತ್ತೊಂದು ಮಕ್ಕಳು, ಒಬ್ಬಳೇ ಟೀಚರ್. ಹಿಂದೆ ಮೂವರಿದ್ದರು. ಒಬ್ಬಾಕೆ ಚಿಕ್ಕಪ್ಪನ ಕಡೆಯಿಂದ ಹೇಳಿಸಿ ರಾಜಧಾನಿಗೆ ವರ್ಗ ಮಾಡಿಸಿಕೊಂಡಳು. ಇನ್ನೊಬ್ಬ ಆಸ್ಟ್ರೇಲಿಯಾಕ್ಕೆ ದಪ್ಪ ಮೆಣಸಿನಕಾಯಿ ಕೀಳಲು ಹೋದ. ಅಲ್ಲಿ ಮೆಣಸಿನಕಾಯಿ ಕೀಳುವವನಿಗೆ ಇಲ್ಲಿ ಪಾಠ ಹೇಳುವವನಿಗಿಂತ ಹೆಚ್ಚು ಬೆಲೆ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಅವನಿಗೂ ಆರು ಮಕ್ಕಳು. ಆ ಎರಡು ಜಾಗ ತುಂಬುವ ಗೋಜಿಗೆ ಶಿಕ್ಷಣ ಇಲಾಖೆಯ ಆಫೀಸಿನವರು ಹೋಗಲೇ ಇಲ್ಲ. ಮೂರನೆಯ ಕೋಣೆಯ ತಗಡನ್ನು ಚಂಡಮಾರುತ ಒಯ್ದು ನಾಲ್ಕು ವರ್ಷವಾಗಿತ್ತು. ಬೆಂಚುಗಳು ಗೆದ್ದಲು ಹಿಡಿದು ಹೋದ ಮೇಲೆ ಮಕ್ಕಳು ಮನೆಯಿಂದ ತಂದ ಚಾಪೆಯ ಮೇಲೆ ಕೂರುತ್ತಿದ್ದರು.

ಮೊಯೆಲಾಂಗಿ ಎರಡು ಕೋಣೆಗಳ ನಡುವಿನ ಹೊಸ್ತಿಲ ಮೇಲೆ ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿ ಪಾಠ ಹೇಳುತ್ತಿದ್ದಳು. ದೊಡ್ಡ ಹುಡುಗಿಯರು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಿದ್ದರು. ಓದುವ ಪುಸ್ತಕಗಳು ಇಡೀ ಶಾಲೆಗೆ ಹದಿನಾಲ್ಕು. ಮೂವತ್ತಮೂರು ವರ್ಷ ಅವನ್ನೇ ಹೇಳಿಕೊಟ್ಟವಳಿಗೆ ಹದಿನಾಲ್ಕೂ ಬಾಯಿಗೆ ಬರುತ್ತಿದ್ದವು. ಹಾಗಾಗಿ ಕಣ್ಣು ಹೋಗುತ್ತಿದ್ದುದು ಯಾರಿಗೂ ತಿಳಿಯಲಿಲ್ಲ. ಪುಸ್ತಕ ಕೈಯಲ್ಲಿ ಹಿಡಿದು ನೆನಪಿನಿಂದ ಹೇಳುತ್ತಿದ್ದಳು, ಮಕ್ಕಳು ಕೇಳಿ ಕಲಿಯುತ್ತಿದ್ದರು. ಅವರು ಓದುವುದನ್ನು ಕಲಿಯಲಿಲ್ಲ, ಪುಸ್ತಕವನ್ನು ಕಲಿತರು. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಹೊಸ ಪುಟ ಕೊಟ್ಟರೆ ಬೆಪ್ಪಾಗಿ ಕೂರುತ್ತಿದ್ದರು. ಎರಡು ವರ್ಷದಿಂದ ನಮ್ಮೂರಿನ ಒಂದು ಮಗುವೂ ಹೈಸ್ಕೂಲು ಮೆಟ್ಟಿಲು ಹತ್ತಿರಲಿಲ್ಲ.

“ನಾನು ಮಕ್ಕಳಿಗೆ ಮೋಸ ಮಾಡ್ತಿದೀನಿ ಅತ್ತಿಗೆ. ಅವರು ತಪ್ಪು ಬರೆದ್ರೆ ನಂಗೆ ಕಾಣಲ್ಲ. ಸರಿ ಅಂದುಬಿಡ್ತೀನಿ,” ಅಂದಳು ಒಂದು ದಿನ.

ಚರ್ಚಿನ ಕೆಲಸವೆಂದು ಸುಳ್ಳು ಹೇಳಿ ನಾವಿಬ್ಬರೂ ಹಡಗು ಹತ್ತಿ ಡಾಕ್ಟರ ಬಳಿ ಹೋಗಿ ಬಂದೆವು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಕ್ಕೆ ಇಳಿದಿದೆ, ಈ ವರ್ಷ ಮುಗಿಯುವುದರೊಳಗೆ ಮೂರು ತಿಂಗಳು ಇಲ್ಲೇ ಇದ್ದು ಚಿಕಿತ್ಸೆ ತೆಗೆದುಕೊಂಡರೆ ಉಳಿದಷ್ಟು ಉಳಿಯುತ್ತದೆ, ಆಮೇಲೆ ಬಂದರೆ ತಾನು ಮಾಡುವುದು ಏನೂ ಇಲ್ಲ ಎಂದು ಆ ಡಾಕ್ಟರು ಬಿಡಿಸಿ ಹೇಳಿದರು. ವಾಪಸ್ ಬರುವಾಗ ಮೊಯೆಲಾಂಗಿ ಹಡಗಿನ ಕಂಬಿ ಹಿಡಿದು, ಇನ್ನೊಬ್ಬ ಟೀಚರ್ ಬಂದರೆ ಸಾಕು, ಮೂರು ತಿಂಗಳು ಹೋಗಿ ಬರುತ್ತೇನೆ ಅಂದಳು. ಬಾರದಿದ್ದರೆ ಎಂದು ನಾನು ಕೇಳಿದೆ. ಆಫೀಸಿಗೆ ಪತ್ರ ಬರೆಯೋಣ ಅಂದಳು.

ಆಫೀಸಿಗೆ ಪತ್ರ ಬರೆದವಳು ನಾನೇ, ಅವಳು ಹೇಳಿದ ಹಾಗೆ. ಆರನೆಯ ತರಗತಿ ಓದಿದ ಅಕ್ಷರ ನನ್ನದು, ಕೋಳಿ ಕೆದರಿದಂತಿತ್ತು. ಎಪ್ಪತ್ತೊಂದು ಮಕ್ಕಳು, ಒಬ್ಬ ಟೀಚರ್, ಒಂದು ಕೋಣೆಗೆ ಸೂರಿಲ್ಲ, ಕೂರಲು ಬೆಂಚಿಲ್ಲ, ದಯವಿಟ್ಟು ಬಂದು ನೋಡಿ. ಕೊನೆಯಲ್ಲಿ, ನನಗೆ ಚಿಕಿತ್ಸೆಗೆ ಮೂರು ತಿಂಗಳ ರಜೆ ಬೇಕು, ನನ್ನ ಜಾಗಕ್ಕೆ ಒಬ್ಬರನ್ನು ಕಳುಹಿಸಿ. ಕಣ್ಣಿನ ಮಾತು ಅವಳು ಬರೆಸಲಿಲ್ಲ. ಬರೆದರೆ ಕೆಲಸದಿಂದಲೇ ತೆಗೆದಾರು ಎಂಬ ಭಯ.

ಎರಡು ತಿಂಗಳಿಗೆ ಉತ್ತರ ಬಂತು. ಶಾಲೆ ನೋಡಲು ಇನ್‌ಸ್ಪೆಕ್ಟರ್ ಬರುತ್ತಾರೆ, ಇಂಥ ದಿನ, ಇಂಥ ಹೊತ್ತಿಗೆ. ಅಲ್ಲೇ ಕೆಲಸ ಕೆಟ್ಟಿತು ಎಂದು ನನಗೆ ಈಗ ಅನ್ನಿಸುತ್ತದೆ. ಹದಿನೈದು ದಿನ ಮೊದಲೇ ಹೇಳಿ ಬರುವವನು ಶಾಲೆ ನೋಡುವುದಿಲ್ಲ, ನಮ್ಮ ಅಡುಗೆ ನೋಡುತ್ತಾನೆ. ಹೇಳದೆ ಕೇಳದೆ ಬಸ್ಸಿಳಿದು ಬಂದು, ಒಂದು ಮಗುವಿನ ಕೈಗೆ ಹೊಸ ಪುಟ ಕೊಟ್ಟು ಓದಿಸುವ ಒಬ್ಬ ಮನುಷ್ಯ ಆ ಆಫೀಸಿನಲ್ಲಿ ಇದ್ದಿದ್ದರೆ ಸಾಕಿತ್ತು. ಅವರ ಫಾರಂನಲ್ಲಿ ಕೋಣೆ ಎಷ್ಟು, ಬೆಂಚು ಎಷ್ಟು, ಟೀಚರ್ ಎಷ್ಟು ಎಂದಿದೆ. ಓದಲು ಬರುವ ಮಕ್ಕಳು ಎಷ್ಟು ಎಂಬ ಪ್ರಶ್ನೆಯೇ ಇಲ್ಲ.

ಸುದ್ದಿ ತಿಳಿದು ಊರ ಹಿರಿಯರೆಲ್ಲ ಸಭೆ ಸೇರಿದರು. ಮೊಯೆಲಾಂಗಿ ತಾನೇ ಹೋಗಿ ಕೂತಳು. ನಾನು ಹಿಂದೆ ನಿಂತಿದ್ದೆ.

“ಒಂದೇ ಒಂದು ಕೇಳ್ತೀನಿ ಅಣ್ಣ,” ಅಂದಳು. “ಏನೂ ಮಾಡಬೇಡಿ. ಶಾಲೆ ಹೇಗಿದೆಯೋ ಹಾಗೇ ಇರಲಿ.”

ನಮ್ಮವರು ಮೆತ್ತಗೆ, “ನಿನ್ನ ಮಾತು ನನ್ನ ತಲೆ ಮೇಲೆ ತಂಗಿ. ಆದ್ರೆ ಅತಿಥಿ ಬರೋ ದಿನ ಮನೆ ಗುಡಿಸದೆ ಬಿಡೋಕಾಗುತ್ತಾ?” ಅಂದರು.

“ಗುಡಿಸಿ. ಬೇರೆಯವರ ಮನೆ ಸಾಮಾನು ತಂದು ಜೋಡಿಸಬೇಡಿ.”

ಹಿರಿಯರು ನಕ್ಕರು, ಅವಳೂ ನಕ್ಕಳು, ಮಾತು ಮುಗಿಯಿತೆಂದು ಎದ್ದು ಬಂದಳು. ಅವಳು ಬಂದ ಮೇಲೆಯೇ ನಿಜವಾದ ಸಭೆ ನಡೆದದ್ದು. ನಮ್ಮಲ್ಲಿ ಟೀಚರಿಗೆ ಮನೆ ಕೊಡುವುದು, ಊಟ ಕಳಿಸುವುದು ಊರಿನ ಹೊಣೆ. ಟೀಚರ್ ಬಿಟ್ಟು ಹೋದ ಎಂದರೆ ಆ ಊರು ಅವನಿಗೆ ಹೊಟ್ಟೆಗೆ ಹಾಕಲಿಲ್ಲ ಎಂದೇ ಅರ್ಥ. ಇಬ್ಬರು ಬಿಟ್ಟು ಹೋಗಿದ್ದಾರೆ ಎಂದು ಅತಿಥಿಯ ಮುಂದೆ ಒಪ್ಪಿಕೊಂಡರೆ ವೈಸುಲು ಊರು ದ್ವೀಪದಲ್ಲೆಲ್ಲ ತಲೆ ಎತ್ತುವಂತಿಲ್ಲ. ನಮ್ಮವರಿಗೆ ಇನ್ನೂ ಒಂದು ನಂಬಿಕೆಯಿತ್ತು. ರಾತ್ರಿ ಊಟಕ್ಕೆ ಕೂತಾಗ ನನಗೂ ಹೇಳಿದರು: ಮರ್ಯಾದೆಯಿಂದ ಬಾಳುವ ಊರಿಗೆ ಸರಕಾರ ತಾನಾಗಿ ಕೊಡುತ್ತದೆ, ಹರಿದ ಬಟ್ಟೆ ತೋರಿಸಿ ಕೈಚಾಚಿದವರಿಗೆ ಯಾರೂ ಕೊಡುವುದಿಲ್ಲ. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಇದು ಸುಳ್ಳು ಎಂದೇ ಅವರಿಗೆ ಅನ್ನಿಸಿರಲಿಲ್ಲ.

ಅತಿಥಿ ಬರುವ ಹಿಂದಿನ ದಿನ ಸಂಜೆ ಪಕ್ಕದೂರಿನ ಶಾಲೆಯಿಂದ ಲಾರಿಯಲ್ಲಿ ಬೆಂಚುಗಳು ಬಂದವು. ಗಂಡಸರು ಚರ್ಚಿನ ಅಡುಗೆಮನೆಯ ತಗಡು ಬಿಚ್ಚಿ ಮೂರನೆಯ ಕೋಣೆಯ ಮೇಲೆ ಹೊದಿಸಿದರು. ಬೆಳಿಗ್ಗೆ ನಾನು ಬಿಸಿಕಲ್ಲಿನ ಒಲೆಯ ಹತ್ತಿರ ಇದ್ದೆ. ನಾಲ್ಕು ಹಂದಿ, ಕೆಸುವಿನ ಗೆಡ್ಡೆ, ಕೆಸುವಿನ ಎಲೆಯಲ್ಲಿ ತೆಂಗಿನಹಾಲು ಕಟ್ಟಿದ ಪೊಟ್ಟಣಗಳು, ಹೊಗೆಯಲ್ಲಿ ಕಣ್ಣು ಮೂಗು ಸುರಿಯುತ್ತಿತ್ತು. ಮೊಯೆಲಾಂಗಿ ಶಾಲೆಯ ಕಡೆಯಿಂದ ಬೇಲಿ ಹಿಡಿದುಕೊಂಡು ಬಂದಳು.

“ಒಳಗೆ ಯಾರೋ ಪಾಠ ಹೇಳ್ತಿದಾರೆ. ಯಾರು ಅತ್ತಿಗೆ?”

ಹೇಳದೆ ವಿಧಿಯಿರಲಿಲ್ಲ. ಊರ ಹಿರಿಯರೊಬ್ಬರ ಮಗಳು, ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದ ವೈಪುನಾ, ಮತ್ತೆ ಅವಳ ಚಿಕ್ಕಪ್ಪನ ಮಗಳು. ಇಬ್ಬರಿಗೂ ಭಾನುವಾರದ ಬಿಳಿ ಬಟ್ಟೆ ಹಾಕಿಸಿ, ಕೈಗೆ ಸೀಮೆಸುಣ್ಣ ಕೊಟ್ಟು ಒಂದೊಂದು ಕೋಣೆಯಲ್ಲಿ ನಿಲ್ಲಿಸಿದ್ದರು. ಇವತ್ತೊಂದು ದಿನ ಅವರು ಟೀಚರುಗಳು. ಮೊಯೆಲಾಂಗಿ ಅಣ್ಣ ಎಲ್ಲಿ ಎಂದು ಕೇಳಿದಳು. ಅಷ್ಟರಲ್ಲಿ ಜೀಪು ಬಂತು, ಹುಡುಗರು ಶಂಖ ಊದಿದರು.

ಇನ್‌ಸ್ಪೆಕ್ಟರ್ ಪೆಸಮಿನೊ ಕೆಟ್ಟವರೇನಲ್ಲ. ಬೆವರು ಒರೆಸಿಕೊಳ್ಳುತ್ತ ಮೂರೂ ಕೋಣೆ ನೋಡಿದರು, ಬೆಂಚು ಎಣಿಸಿ ಬರೆದುಕೊಂಡರು. ಐದನೆಯ ತರಗತಿಯ ಒಬ್ಬ ಹುಡುಗಿಯನ್ನು ಎಬ್ಬಿಸಿ ಪುಸ್ತಕ ತೆರೆದುಕೊಟ್ಟರು. ಅವಳು ಮೊದಲನೆಯ ಪಾಠವನ್ನು ನೀರು ಕುಡಿದಂತೆ ಒಪ್ಪಿಸಿದಳು. ಅವರು ತೆರೆದುಕೊಟ್ಟದ್ದು ಒಂಬತ್ತನೆಯ ಪಾಠ. ಇನ್‌ಸ್ಪೆಕ್ಟರ್ ಪುಸ್ತಕ ನೋಡಿದರು, ಹುಡುಗಿಯನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ಮೊಯೆಲಾಂಗಿಯನ್ನು ನೋಡಿದರು. ಗೊತ್ತಾಯಿತು ಇವರಿಗೆ, ದೇವರೇ, ಗೊತ್ತಾಗಲಿ ಅಂದುಕೊಂಡೆ.

ಸಭೆಯ ಮನೆಯಲ್ಲಿ ಎಲ್ಲರೂ ಕಂಬಗಳಿಗೆ ಒರಗಿ ಕೂತರು. ಅವಾ ಎಂಬ ಬೇರಿನ ಪಾನೀಯದ ಬಟ್ಟಲು ಅತಿಥಿಗೆ ಮೊದಲು ಹೋಯಿತು. ನಮ್ಮವರು ಎದ್ದು ಅರ್ಧ ಗಂಟೆ ಮಾತಾಡಿದರು. ಈ ಊರು ತನ್ನ ಟೀಚರುಗಳನ್ನು ಕಣ್ಣಿನಂತೆ ಕಾಪಾಡಿದೆ, ಮೂವರೂ ಇಲ್ಲಿ ಮನೆಮಕ್ಕಳಂತೆ ಇದ್ದಾರೆ ಅಂದರು. ಅದಾದ ಮೇಲೆ ಇನ್‌ಸ್ಪೆಕ್ಟರ್ ಚೀಲದಿಂದ ಒಂದು ಕಾಗದ ತೆಗೆದರು. ದೂರದಿಂದಲೇ ನನ್ನ ಅಕ್ಷರ ಗುರುತು ಹಿಡಿದೆ.

“ಟೀಚರ್, ನಿಮ್ಮ ಪತ್ರದಲ್ಲಿರೋದು ಒಂದು, ನಾನು ನೋಡಿದ್ದು ಇನ್ನೊಂದು. ಇದರಲ್ಲಿ ಯಾವುದು ನಿಜ?”

ಮೊಯೆಲಾಂಗಿ ತಲೆ ಎತ್ತಿದಳು. ಬಲಗಡೆಯ ಕಂಬದ ಹತ್ತಿರ ಅಣ್ಣ, ಕೋಲು ಇನ್ನೂ ಕೈಯಲ್ಲೇ ಇದೆ. ಪತ್ರ ನಿಜ ಅಂದರೆ ಅವಳ ಕಣ್ಣು ಉಳಿಯುತ್ತದೆ, ಶಾಲೆಗೆ ಟೀಚರ್ ಬರುತ್ತಾರೆ. ಊರಿನ ಮಾತಾಡುವ ತೌಮಾಲೆ ಇಡೀ ಸಭೆಯ ಮುಂದೆ ಸುಳ್ಳುಗಾರ ಆಗುತ್ತಾರೆ. ಆಮೇಲೆ ಅವರು ಯಾವ ಸಭೆಯಲ್ಲೂ ಬಾಯಿ ತೆರೆಯುವಂತಿಲ್ಲ. ಹಾಗೆ ಮಾಡಿದವಳು ಸ್ವಂತ ತಂಗಿಯೇ ಆಗುತ್ತಾಳೆ.

“ನೀವು ನೋಡಿದ್ದೇ ನಿಜ ಸರ್,” ಅಂದಳು. “ಪತ್ರ ಬರೆದಾಗ ಪರಿಸ್ಥಿತಿ ಬೇರೆ ಇತ್ತು.”

ಇನ್‌ಸ್ಪೆಕ್ಟರ್ ಇನ್ನೊಂದು ಸಲ ಕೇಳಬಹುದಿತ್ತು. ಹಂದಿಯ ಮಾಂಸ ಎದುರಿಗೆ ಬಂದಿತ್ತು, ಮೂರು ಗಂಟೆಗೆ ಹಡಗು ಹಿಡಿಯಬೇಕಿತ್ತು. ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಪತ್ರ ಬರೆದ ನಾನೂ ಅಲ್ಲೇ ಇದ್ದೆ. ಕೈಯಲ್ಲಿ ತಟ್ಟೆಯಿತ್ತು, ಬಾಯಿ ಖಾಲಿಯೇ ಇತ್ತು. ಒಂದು ಮಾತೂ ಆಡಲಿಲ್ಲ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಅಸಹ್ಯವಿದೆ.

ಬೆಂಚುಗಳು ಮಾರನೆಯ ದಿನ ಲಾರಿ ಹತ್ತಿದವು. ತಗಡು ಚರ್ಚಿಗೆ ಹೋಯಿತು. ವೈಪುನಾ ಹಣ್ಣು ಕೀಳುವ ಕೆಲಸ ಸಿಕ್ಕಿ ಆಸ್ಟ್ರೇಲಿಯಾಕ್ಕೆ ಹೋದಳು, ಇನ್ನೊಬ್ಬಳಿಗೆ ಮದುವೆಯಾಯಿತು. ಐದು ವಾರಕ್ಕೆ ಬಸ್ಸಿನ ಡ್ರೈವರ್ ಲಕೋಟೆ ತಂದುಕೊಟ್ಟ. ನಾನೇ ಓದಿ ಹೇಳಿದೆ. ಮೂರು ತಿಂಗಳ ರಜೆ ಮಂಜೂರಾಗಿದೆ, ಮುಂದಿನ ಸೋಮವಾರದಿಂದ. ಶಾಲೆಯಲ್ಲಿ ಇನ್ನಿಬ್ಬರು ಶಿಕ್ಷಕಿಯರು ಇರುವುದರಿಂದ ಬದಲಿ ಶಿಕ್ಷಕರ ಅಗತ್ಯವಿಲ್ಲ.

ಮೊಯೆಲಾಂಗಿ ಕಾಗದ ಇಸಿದುಕೊಂಡು ಮೂಗಿನ ಹತ್ತಿರ ತಂದು ನೋಡಿದಳು. ರಜೆ ಕೈಯಲ್ಲೇ ಇತ್ತು. ಬಾಗಿಲು ತೆರೆದು, ಹೋಗು ಅಂದಿದ್ದರು. ಎಪ್ಪತ್ತೊಂದು ಮಕ್ಕಳನ್ನು ಯಾರಿಗೆ ಬಿಟ್ಟು ಹೋಗುವುದು?

ನಮ್ಮವರಿಗೆ ಮಾತ್ರ ಹಿಗ್ಗೋ ಹಿಗ್ಗು. ಕೇಳಿದ್ದನ್ನು ಕೊಟ್ಟರಲ್ಲ, ಮರ್ಯಾದೆ ಇಟ್ಟುಕೊಂಡರೆ ಹೀಗೆ ಅಂದರು. ತಂಗಿ ಮೂರು ತಿಂಗಳು ಆರಾಮಾಗಿ ಇರಲಿ, ಚಾಪೆ ನೇಯಲಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಹೇಳುವುದಿಲ್ಲ ಎಂದು ಮೊಯೆಲಾಂಗಿಗೆ ಕೊಟ್ಟಿದ್ದ ಮಾತು ಅಲ್ಲೇ ಸುಟ್ಟುಹೋಯಿತು.

“ನಿಮ್ಮ ತಂಗಿಗೆ ನಿಮ್ಮ ಮುಖ ಕಾಣಲ್ಲ,” ಅಂದೆ. “ಒಂದು ವರ್ಷ ಆಯ್ತು. ದನಿ ಕೇಳಿ ನಿಮ್ಮ ಕಡೆ ತಿರುಗ್ತಾಳೆ ಅಷ್ಟೇ. ಡಾಕ್ಟ್ರು ಈ ವರ್ಷದೊಳಗೆ ಅಂದಿದಾರೆ. ಆ ಇಬ್ಬರು ಟೀಚರುಗಳನ್ನ ನೀವೇ ಹುಟ್ಟಿಸಿದ್ದಲ್ವಾ, ಈಗ ಕರೆಸಿ. ಪಾಠ ಹೇಳಲಿ.”

ಅವರು ಕೈಯಲ್ಲಿದ್ದ ಕೆಸುವಿನ ಗೆಡ್ಡೆಯನ್ನು ತಟ್ಟೆಗೆ ಹಾಕಿದರು. ಎದ್ದು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಮೊಯೆಲಾಂಗಿಯ ಜೊತೆ ನಾನೂ ಶಾಲೆಗೆ ಹೊರಟೆ. ಅಂಗಳದಲ್ಲಿ ಮಕ್ಕಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಬಾಗಿಲ ಮುಂದೆ, ಬರೀ ನೆಲದ ಮೇಲೆ, ಬಟ್ಟೆಯಂತೆ ನವಿರಾಗಿ ನೇಯ್ದ ನಮ್ಮ ಮನೆತನದ ಹಳೆಯ ಚಾಪೆಯನ್ನು ತಲೆಯ ಮೇಲಿಂದ ಹೊದ್ದುಕೊಂಡು ಯಾರೋ ಕೂತಿದ್ದರು.

ಹಾಗೆ ಕೂರುವುದು ನಮ್ಮಲ್ಲಿ ಕ್ಷಮೆ ಕೇಳುವ ಕೊನೆಯ ದಾರಿ. ಕೊಲೆಯಾದಾಗ, ಯಾರದೋ ಮಗುವಿನ ಮೇಲೆ ಲಾರಿ ಹರಿದಾಗ, ತಪ್ಪು ಮಾಡಿದ ಕಡೆಯವರು ಹೀಗೆ ಚಾಪೆ ಹೊದ್ದು ನೊಂದವರ ಮನೆಯ ಮುಂದೆ ಕೂರುತ್ತಾರೆ. ನೊಂದವರು ಬಂದು ಚಾಪೆ ತೆಗೆದರೆ ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ, ಊರೊಳಗೂ ಇಲ್ಲ, ಹೊರಗೂ ಇಲ್ಲ. ಸ್ವಂತ ತಂಗಿಯ ಮುಂದೆ ಒಬ್ಬ ಹಿರಿಯ ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

“ಯಾಕೆ ಮಕ್ಕಳು ಸುಮ್ಮನಿದಾರೆ?” ಎಂದು ಮೊಯೆಲಾಂಗಿ ಕೇಳಿದಳು. ಅವಳಿಗೆ ಕಂಡಿರಲಿಲ್ಲ. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಎಡವುತ್ತಿದ್ದಳು. ಕೈ ಹಿಡಿದು ನಿಲ್ಲಿಸಿ ಹೇಳಿದೆ, ಅಣ್ಣ, ಚಾಪೆ ಹೊದ್ದು ಕೂತಿದಾರೆ.

ಅವಳು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಳು.

ನಾನು ಅವಳ ಕಿವಿಗೆ ಬಾಯಿಟ್ಟು, “ತೆಗೀಬೇಡ,” ಅಂದೆ. “ಎಂಟು ಗಂಟೆ ಬಸ್ಸು ಬರಲಿ. ಬಸ್ಸಿನವರು ನೋಡಲಿ, ಸುದ್ದಿ ಹಡಗು ಹತ್ತಲಿ. ತೌಮಾಲೆ ಯಾಕೆ ಕೂತ ಅಂತ ಕೇಳ್ಕೊಂಡು ಆಫೀಸಿನವರು ತಾವಾಗೇ ಬರ್ತಾರೆ. ನೀನು ಒಂದು ಮಾತೂ ಆಡಬೇಕಾಗಿಲ್ಲ. ಬರೀ ಅರ್ಧ ಗಂಟೆ, ಮೊಯೆಲಾಂಗಿ.”

ಅವಳು ನಿಂತಳು. ಬಿಸಿಲು ಏರುತ್ತಿತ್ತು. ಚಾಪೆಯೊಳಗಿಂದ ಒಂದು ಸಲ ಕೆಮ್ಮು ಕೇಳಿಸಿತು. ಅರವತ್ತನಾಲ್ಕು ವರ್ಷದ ಮನುಷ್ಯ, ಮಂಡಿ ನೋವು, ಎಷ್ಟು ಹೊತ್ತಿನಿಂದ ಕೂತಿದ್ದರೋ. ಮಕ್ಕಳಲ್ಲಿ ನಮ್ಮ ಮೊಮ್ಮಗಳು ಅಳತೊಡಗಿದಳು. ನಾನು ಮೊಯೆಲಾಂಗಿಯ ಕೈ ಬಿಗಿಯಾಗಿ ಹಿಡಿದುಕೊಂಡೇ ಇದ್ದೆ. ಸ್ವಂತ ಗಂಡ ಬಿಸಿಲಲ್ಲಿ ಬೇಯಲಿ ಎಂದು ಬೇಡಿಕೊಂಡ ಹೆಂಡತಿ ನಾನು. ಚರ್ಚಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಅವಳು ನನ್ನ ಕೈ ಬಿಡಿಸಿಕೊಂಡಳು. ತಡಕುತ್ತ ಹೋಗಿ, ಬಗ್ಗಿ, ಚಾಪೆಯ ಅಂಚು ಹುಡುಕಿ ತೆಗೆದಳು. “ಏಳು ಅಣ್ಣ, ಬಿಸಿಲು,” ಅಂದಳು. ಅವರು ಅವಳ ಪಾದ ಹಿಡಿದು ಅತ್ತರು. ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಾಗ ಕಿಟಕಿಯಲ್ಲಿದ್ದವರು ಕಂಡದ್ದು ಅಣ್ಣ ತಂಗಿ ಕೈ ಹಿಡಿದು ನಿಂತಿರುವುದನ್ನು. ಡ್ರೈವರ್ ನಮಸ್ಕಾರ ಹೇಳಿ ಮುಂದಕ್ಕೆ ಹೋದ.

ಅವರು ಕೈಲಾದದ್ದು ಮಾಡಿದರು, ಇಲ್ಲ ಅನ್ನುವುದಿಲ್ಲ. ಗಂಡಸರನ್ನು ಕರೆದು ಮೂರನೆಯ ಕೋಣೆಗೆ ತೆಂಗಿನ ಗರಿ ಹೊದಿಸಿದರು. ಶಾಲೆ ಮುಚ್ಚಿ ಆಸ್ಪತ್ರೆಗೆ ನಡೆ ಎಂದು ತಂಗಿಗೆ ದಿನಾ ಗೋಗರೆದರು. ಅವಳು ಒಪ್ಪಲಿಲ್ಲ. ಟೀಚರ್ ಇಲ್ಲ ಎಂದು ಆಫೀಸಿಗೆ ಹೇಳುವ ಮಾತನ್ನು ಮಾತ್ರ ಯಾರೂ ಆಡಲಿಲ್ಲ, ಆಡುವಂತೆಯೂ ಇರಲಿಲ್ಲ. ಮಾತು ಮುಗಿದುಹೋಗಿತ್ತು. ಅವಳೇ ಮುಗಿಸಿದ್ದಳು.

ರಜೆ ಶುರುವಾದ ಸೋಮವಾರ ಅವಳು ಎಂದಿನಂತೆ ಶಾಲೆಗೆ ಹೋಗಿ ಗಂಟೆ ಬಾರಿಸಿದಳು. ಹಾಗೇ ಮೂರು ತಿಂಗಳು. ರಜೆಯ ಕೊನೆಯ ದಿನ ನಾನು ಊಟ ಕೊಡಲು ಹೋದಾಗ ಅವಳು ಹಲಗೆಯ ಮೇಲೆ ಬರೆಯುತ್ತಿದ್ದಳು. ಆಗಲೇ ಬರೆದಿದ್ದ ಸಾಲಿನ ಮೇಲೆಯೇ ಇನ್ನೊಂದು ಸಾಲು ಬರೆದಳು, ಅದರ ಮೇಲೆ ಮತ್ತೊಂದು. ಕೋಲಿನಿಂದ ತೋರಿಸಿ ಓದಿ ಅಂದಳು. ಎಪ್ಪತ್ತೊಂದು ಮಕ್ಕಳೂ ಒಂದಕ್ಷರ ತಪ್ಪದೆ ಓದಿದರು.